ಗುರಾಣಿಯ ಬಣ್ಣ, ಜೀವದ ಬೆಲೆ: ಮೇಜಿನ ಮೇಲಿನ ಪುಟ್ಟ ನೈಟ್‌ಗಳು ಹೇಳುವ ಇತಿಹಾಸ

ಇದು ಈ ವಾರದ ವಿಡಿಯೋ ಮಾತಿನ ಬರಹ ರೂಪ. ಸಮಯ ಸಾಲದೆ ಅಲ್ಲಿ ಬಿಟ್ಟ ಕೆಲವು ವಿವರಗಳನ್ನು ಇಲ್ಲಿ ಸೇರಿಸಿದ್ದೀನಿ.

ವಿಡಿಯೋದಲ್ಲಿ ನನ್ನ ಅಂಗೈ ಮೇಲೆ ನೀವು ನೋಡಿದ್ದು ಒಂದು ಕುದುರೆ, ಅದರ ಮೇಲೊಬ್ಬ ಸವಾರ. ಯುರೋಪಿನ ಮಧ್ಯಯುಗದ ನೈಟ್. ಇದನ್ನು 28 ಮಿಲಿಮೀಟರ್ ಗೊಂಬೆ ಅಂತಾರೆ. ಅಂದ್ರೆ ನಿಂತ ಮನುಷ್ಯನ ಪಾದದಿಂದ ಕಣ್ಣಿನವರೆಗೆ ಸುಮಾರು 28 ಮಿಲಿಮೀಟರ್. ನಮ್ಮ ಹೆಬ್ಬೆರಳಿನ ಮೊದಲ ಗೆಣ್ಣಿಗಿಂತ ಸ್ವಲ್ಪ ಎತ್ತರ, ಅಷ್ಟೇ. ಬರುವಾಗ ಇದು ಬರೀ ಬೂದು ಬಣ್ಣದ ಪ್ಲಾಸ್ಟಿಕ್ಕೋ ಲೋಹವೋ ಆಗಿರುತ್ತೆ. ಬಣ್ಣ ಹಚ್ಚೋದು ನಮ್ಮ ಕೆಲಸ.

ಇದರ ಬಳಕೆ ಟೇಬಲ್‌ಟಾಪ್ ವಾರ್‌ಗೇಮ್‌ನಲ್ಲಿ. 6 ಅಡಿ ಉದ್ದ, 4 ಅಡಿ ಅಗಲದ ಮೇಜು, ಮೇಲೆ ಹಸಿರು ಬಟ್ಟೆ, ಥರ್ಮೋಕೋಲಿನ ಗುಡ್ಡ, ನೀಲಿ ಪಟ್ಟಿಯ ಹೊಳೆ. ಎರಡೂ ಕಡೆ ಸೈನ್ಯ. ಟೇಪಿನಲ್ಲಿ ಅಳೆದು ಗೊಂಬೆಗಳನ್ನು ಮುಂದೆ ನಡೆಸೋದು, ದಾಳ ಹಾಕಿ ಯಾರು ಬಿದ್ರು, ಯಾರು ಉಳಿದ್ರು ಅಂತ ತೀರ್ಮಾನಿಸೋದು. ನಾನು ಪುಣೆಯಲ್ಲಿ ಶನಿವಾರ ರಾತ್ರಿ ಬಣ್ಣ ಹಚ್ಚುತ್ತೀನಿ, ಸಿಕ್ಕ ಭಾನುವಾರ ನಾಲ್ಕೈದು ಗೆಳೆಯರ ಜೊತೆ ಆಡ್ತೀನಿ. ನಮ್ಮಮ್ಮ ಊರಿಂದ ಬಂದಿದ್ದಾಗ ನನ್ನ ಗಾಜಿನ ಕಪಾಟು ನೋಡಿ, "ಇದೇನೋ, ವರ್ಷವಿಡೀ ದಸರಾ ಬೊಂಬೆ ಕೂರಿಸಿಬಿಟ್ಟಿದ್ದೀಯಲ್ಲೋ" ಅಂದ್ರು. ಒಂದರ್ಥದಲ್ಲಿ ಸರಿಯೇ.

ಆದ್ರೆ ಇವತ್ತಿನ ವಿಷಯ ನನ್ನ ಹವ್ಯಾಸ ಅಲ್ಲ. ಇತಿಹಾಸದ ಪುಸ್ತಕದಲ್ಲಿ "ನೈಟ್‌ಗಳು ದಾಳಿ ಮಾಡಿದರು" ಅಂತ ಒಂದು ಸಾಲು ಓದಿ ನಾವು ಮುಂದೆ ಹೋಗ್ತೀವಿ. ಬ್ರಷ್ ಹಿಡಿದು ಕೂತವನಿಗೆ ಹಾಗೆ ಹೋಗೋಕಾಗಲ್ಲ. ಇವನ ಅಂಗಿ ಯಾವ ಬಣ್ಣ? ಕುದುರೆಯ ಹೊದಿಕೆ ಯಾವ ಬಣ್ಣ? ಪಕ್ಕದವನದು ಯಾಕೆ ಬೇರೆ? ಹಿಂದೆ ನಿಂತ ಬಿಲ್ಲುಗಾರನಿಗೆ ಯಾಕೆ ಏನೂ ಇಲ್ಲ? ಈ ಪ್ರಶ್ನೆಗಳ ಹಿಂದೆ ಹೋದ್ರೆ ಸಿಗೋದು ಒಂದು ಕಠೋರ ಸತ್ಯ. ಆ ಕಾಲದ ರಣರಂಗದಲ್ಲಿ ಬಣ್ಣ ಅಲಂಕಾರ ಆಗಿರಲಿಲ್ಲ. ಯಾರ ಜೀವಕ್ಕೆ ಎಷ್ಟು ಬೆಲೆ ಅಂತ ದೂರದಿಂದಲೇ ಹೇಳುವ ಗುರುತು ಅದು.

ಚದುರಂಗದ ಕುದುರೆಯಿಂದ ಶುರು

ಮೇಜಿನ ಮೇಲೆ ಸೈನ್ಯ ಆಡಿಸುವ ಕಥೆ ನಮ್ಮಿಂದಲೇ ಶುರುವಾಗುತ್ತೆ. ಭಾರತದ ಚತುರಂಗ ಪರ್ಷಿಯಾಕ್ಕೆ ಹೋಯ್ತು, ಅರಬ್ಬರ ಕೈ ಸೇರಿತು, ಅಲ್ಲಿಂದ ಯುರೋಪ್ ಮುಟ್ಟಿತು. ನಾವು ಕುದುರೆ ಅನ್ನುವ ಕಾಯಿಯನ್ನು ಇಂಗ್ಲಿಷಿನವರು ನೈಟ್ ಅಂದರು. ನಮಗೆ ಪ್ರಾಣಿ ಮುಖ್ಯ, ಅವರಿಗೆ ಮೇಲೆ ಕೂತವನು.

12ನೇ ಶತಮಾನದ ಮೊದಲ ಭಾಗದಲ್ಲಿ, ನಮ್ಮ ಕಲ್ಯಾಣದ ಚಾಲುಕ್ಯ ದೊರೆ 3ನೇ ಸೋಮೇಶ್ವರ 'ಮಾನಸೋಲ್ಲಾಸ' ಅನ್ನುವ ಸಂಸ್ಕೃತ ಗ್ರಂಥ ಬರೆದ. ರಾಜನ ವಿನೋದಗಳನ್ನು ಹೇಳುವಾಗ ಚತುರಂಗದ ಆಟವನ್ನೂ ವಿವರಿಸಿದ. ಅದೇ ಶತಮಾನದ ಕೊನೆಯ ಭಾಗದಲ್ಲಿ, ಯುರೋಪಿನ ಉತ್ತರದ ತುದಿಯಲ್ಲಿ ಯಾರೋ ವಾಲ್ರಸ್ ದಂತದಲ್ಲಿ ಚದುರಂಗದ ಕಾಯಿಗಳನ್ನು ಕೆತ್ತುತ್ತಿದ್ದರು. 1831ರಲ್ಲಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ ಸಿಕ್ಕ ಆ ಕಾಯಿಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಮತ್ತು ಎಡಿನ್‌ಬರೋದ ಮ್ಯೂಸಿಯಂಗಳಲ್ಲಿವೆ. ಅದರಲ್ಲಿನ ನೈಟ್‌ಗಳನ್ನು ನೋಡಿ: ಗಿಡ್ಡ ಕುದುರೆ, ಕೈಯಲ್ಲಿ ಭರ್ಜಿ, ಉದ್ದನೆಯ ಗುರಾಣಿ. ಗುರಾಣಿಗಳ ಮೇಲೆ ಬೇರೆ ಬೇರೆ ಗೆರೆ, ಶಿಲುಬೆಗಳ ಕೆತ್ತನೆ. ಸಿಕ್ಕಾಗ ಕೆಲವು ಕಾಯಿಗಳ ಮೇಲೆ ಕೆಂಪು ಬಣ್ಣದ ಗುರುತು ಇತ್ತಂತೆ. ಅಂದ್ರೆ ನಾನು ಶನಿವಾರ ರಾತ್ರಿ ಮಾಡೋ ಕೆಲಸವನ್ನು 800 ವರ್ಷದ ಹಿಂದೆಯೇ ಯಾರೋ ಮಾಡಿದ್ದಾರೆ.

ಚದುರಂಗವನ್ನು ಯುದ್ಧದ ಪಾಠ ಮಾಡಿದವರು ಜರ್ಮನ್ನರು. 1780ರಲ್ಲಿ ಬ್ರೌನ್‌ಶ್ವೈಗ್‌ನ ಗಣಿತ ಮೇಷ್ಟ್ರು ಹೆಲ್‌ವಿಗ್, ಚದುರಂಗದ ಮಣೆಯನ್ನು ಹಿಗ್ಗಿಸಿ ಗುಡ್ಡ, ನೀರು, ಜೌಗು ಎಲ್ಲಕ್ಕೂ ಒಂದೊಂದು ಬಣ್ಣದ ಚೌಕ ಕೊಟ್ಟ. ನಂತರ ಪ್ರಷ್ಯಾದ ರೈಸ್‌ವಿಟ್ಜ್ ತಂದೆ, ಮಗ ಇಬ್ಬರೂ ಸೇರಿ ಬೆಳೆಸಿದ 'ಕ್ರೀಗ್ಸ್‌ಶ್ಪೀಲ್' ಅನ್ನುವ ಆಟ 1824ರಲ್ಲಿ ಸೈನ್ಯದೊಳಗೇ ಹೋಯ್ತು. ಒಂದು ಕಡೆ ನೀಲಿ ತುಂಡುಗಳು, ಇನ್ನೊಂದು ಕಡೆ ಕೆಂಪು. ನಿಮ್ಮಲ್ಲಿ ಸೈಬರ್ ಸೆಕ್ಯುರಿಟಿಯಲ್ಲಿರೋರು ರೆಡ್ ಟೀಮ್, ಬ್ಲೂ ಟೀಮ್ ಅಂತಾರಲ್ಲ, ಆ ಮಾತು ಬಂದದ್ದು ಮಿಲಿಟರಿ ವಾರ್‌ಗೇಮ್‌ಗಳಿಂದಲೇ.

ಮುಂದಿನದು ಬೇಗ ಹೇಳಿಬಿಡ್ತೀನಿ. 1913ರಲ್ಲಿ ಎಚ್. ಜಿ. ವೆಲ್ಸ್, ಅದೇ 'ಟೈಮ್ ಮಷೀನ್' ಬರೆದ ವೆಲ್ಸ್, ಸೀಸದ ಸಿಪಾಯಿಗಳ ಆಟಕ್ಕೆ 'ಲಿಟಲ್ ವಾರ್ಸ್' ಅಂತ ನಿಯಮ ಪುಸ್ತಕ ಬರೆದ. ಈ ಪುಟ್ಟ ಯುದ್ಧ ಆಡಿ ನೋಡಿದವನಿಗೆ ನಿಜವಾದ ಯುದ್ಧ ಎಷ್ಟು ಮೂರ್ಖತನ ಅಂತ ತಿಳಿಯುತ್ತೆ ಅನ್ನೋದು ಅವನ ವಾದ. ಮರುವರ್ಷವೇ ಮೊದಲ ಮಹಾಯುದ್ಧ ಶುರುವಾಯ್ತು. 1971ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ಮಧ್ಯಯುಗದ ಗೊಂಬೆ ಯುದ್ಧಕ್ಕೆ 'ಚೈನ್‌ಮೇಲ್' ಅನ್ನುವ ನಿಯಮ ತಂದರು. ಅದರ ಕೊನೆಗೆ ಡ್ರ್ಯಾಗನ್, ಮಾಂತ್ರಿಕರನ್ನೂ ಸೇರಿಸಿದ್ದರು. ಅದೇ ಬೀಜದಿಂದ 1974ರಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಹುಟ್ಟಿತು. ಇವತ್ತು ಫೋನಲ್ಲಿ ಪಾತ್ರದ ಲೆವೆಲ್ ಏರಿಸೋ ಆಟ ಆಡ್ತೀರಲ್ಲ, ಅದರ ವಂಶವೃಕ್ಷದ ಬುಡದಲ್ಲಿ ಇಂಥ ಪುಟ್ಟ ನೈಟ್‌ಗಳು ನಿಂತಿದ್ದಾರೆ.

ಮುಖ ಮುಚ್ಚಿದ ಮೇಲೆ ಗುರುತು ಹೇಗೆ?

ಈಗ ಬಣ್ಣಕ್ಕೆ ಬರೋಣ. ಮೊದಲು ಒಂದು ಮಾತು. 'ಮಿನಿಯೇಚರ್' ಅಂದ ತಕ್ಷಣ 'ಮಿನಿ', ಅಂದ್ರೆ ಚಿಕ್ಕದು ಅಂತ ನಾವು ಅಂದುಕೊಳ್ತೀವಿ. ಆದ್ರೆ ಆ ಪದದ ಮೂಲ 'ಮಿನಿಯಂ' ಅನ್ನುವ ಲ್ಯಾಟಿನ್ ಪದ. ಸೀಸವನ್ನು ಕಾಯಿಸಿ ಮಾಡುವ ಕೆಂಪು ಪುಡಿ ಅದು. ಕೈಬರಹದ ಪುಸ್ತಕಗಳಲ್ಲಿ ಅಕ್ಷರಗಳಿಗೆ ಆ ಕೆಂಪು ಹಚ್ಚುವ ಕೆಲಸದ ಹೆಸರು, ಆಮೇಲೆ ಪುಸ್ತಕದ ಚಿತ್ರಗಳಿಗೆ ಬಂತು, ಆ ಚಿತ್ರಗಳು ಚಿಕ್ಕವಾದ್ದರಿಂದ ಚಿಕ್ಕದ್ದಕ್ಕೆಲ್ಲಾ ಅಂಟಿಕೊಂಡಿತು. ಹಾಗಾಗಿ ಮಿನಿಯೇಚರ್ ಅನ್ನೋದು ಮೂಲದಲ್ಲಿ ಗಾತ್ರದ ಹೆಸರಲ್ಲ, ಬಣ್ಣದ ಹೆಸರು.

1066ರ ಹೇಸ್ಟಿಂಗ್ಸ್ ಯುದ್ಧದ ಕಥೆ ಹೇಳುವ ಬೇಯೋ ಕಸೂತಿಯಲ್ಲಿ ಒಂದು ದೃಶ್ಯ ಇದೆ. ನಾರ್ಮಂಡಿಯ ವಿಲಿಯಂ ಸತ್ತ ಅಂತ ಸೈನ್ಯದಲ್ಲಿ ಗಾಳಿಸುದ್ದಿ. ಅವನು ಕುದುರೆ ಮೇಲೆ ಕೂತೇ ಶಿರಸ್ತ್ರಾಣ ಮೇಲೆತ್ತಿ, "ಇಲ್ನೋಡಿ, ಬದುಕಿದ್ದೀನಿ" ಅನ್ನೋ ಹಾಗೆ ಮುಖ ತೋರಿಸ್ತಾನೆ. ಆಗಿನ ಶಿರಸ್ತ್ರಾಣಕ್ಕೆ ಮೂಗಿನ ಮೇಲೆ ಒಂದು ಪಟ್ಟಿ ಮಾತ್ರ ಇತ್ತು. ಆಗಲೇ ಗುರುತು ಹಿಡಿಯೋದು ಕಷ್ಟ ಆಗಿತ್ತು. 1200ರ ಹೊತ್ತಿಗೆ ಮುಖವನ್ನೇ ಪೂರ್ತಿ ಮುಚ್ಚುವ, ಕೊಡದ ಆಕಾರದ ಶಿರಸ್ತ್ರಾಣಗಳು ಬರತೊಡಗಿದವು. ಕಣ್ಣಿಗೆ ಒಂದು ಸೀಳು, ಉಸಿರಿಗೆ ನಾಲ್ಕು ತೂತು. ಒಳಗೆ ಯಾರಿದ್ದಾರೆ? ದೇವರಿಗೇ ಗೊತ್ತು.

ಇದಕ್ಕೆ ಉತ್ತರವಾಗಿ 12ನೇ ಶತಮಾನದಲ್ಲಿ ಬೆಳೆದದ್ದು ಹೆರಾಲ್ಡ್ರಿ, ಅಂದ್ರೆ ಲಾಂಛನಗಳ ಪದ್ಧತಿ. ಫ್ರಾನ್ಸಿನ ಲ ಮಾನ್ ಊರಿನಲ್ಲಿ 1151ರಲ್ಲಿ ತೀರಿಕೊಂಡ ಆಂಜೂವಿನ ಜೆಫ್ರಿಯ ಸಮಾಧಿಗೆ ಮಾಡಿದ ಎನಾಮಲ್ ಫಲಕ ಇದೆ. ಅವನ ಗುರಾಣಿ ನೀಲಿ, ಅದರ ಮೇಲೆ ಚಿನ್ನದ ಸಿಂಹಗಳು. ಇಂಥ ಲಾಂಛನ ಗುರಾಣಿಯಿಂದ ಅಂಗಿಗೆ ಇಳಿಯಿತು, ಅಂಗಿಯಿಂದ ಕುದುರೆಯ ಹೊದಿಕೆಗೆ ಬಂತು. ನಮ್ಮಲ್ಲಿ ಹಬ್ಬಕ್ಕೆ ಎತ್ತುಗಳಿಗೆ ಜೂಲು ಹೊದಿಸ್ತಾರಲ್ಲ, ಹಾಗೆ ಕುದುರೆಗೆ ಕಿವಿಯಿಂದ ಗೊರಸಿನವರೆಗೂ ಬಣ್ಣದ ಬಟ್ಟೆ.

ಈ ಪದ್ಧತಿಯ ಮುಖ್ಯ ನಿಯಮ ತುಂಬಾ ಸರಳ. ಬಣ್ಣಗಳಲ್ಲಿ ಎರಡು ಗುಂಪು. ಚಿನ್ನ, ಬೆಳ್ಳಿ ಒಂದು ಕಡೆ. ಬಟ್ಟೆ ಮೇಲೆ ಇವು ಹಳದಿ, ಬಿಳಿ. ಕೆಂಪು, ನೀಲಿ, ಕಪ್ಪು, ಹಸಿರು ಇನ್ನೊಂದು ಕಡೆ. ಒಂದು ಗುಂಪಿನ ಬಣ್ಣದ ಮೇಲೆ ಅದೇ ಗುಂಪಿನ ಇನ್ನೊಂದನ್ನು ಇಡಬಾರದು. ಕೆಂಪು ನೆಲದ ಮೇಲೆ ನೀಲಿ ಸಿಂಹ ಸಲ್ಲದು, ಚಿನ್ನದ ಸಿಂಹ ಸರಿ. ಸ್ಕ್ರೀನ್ ಡಿಸೈನ್ ಮಾಡೋರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಓದೋಕೆ ಆಗಬೇಕಾದ್ರೆ ಕಾಂಟ್ರಾಸ್ಟ್ ಬೇಕು.

ಇನ್ನೂ ಒಂದು ಸೊಗಸು ಇದೆ. ಲಾಂಛನಗಳನ್ನು ಚಿತ್ರ ಬರೆದೇ ದಾಖಲಿಸಬೇಕು ಅಂತ ಇರಲಿಲ್ಲ. ಮಾತಿನಲ್ಲೇ ಬರೀತಿದ್ದರು. ಮೊದಲು ನೆಲದ ಬಣ್ಣ, ಆಮೇಲೆ ಅದರ ಮೇಲಿನ ಆಕೃತಿ, ಆಮೇಲೆ ಆಕೃತಿಯ ಬಣ್ಣ. ಉದಾಹರಣೆಗೆ ಬ್ರಬಾಂಟ್ ನಾಡಿನದು: ಕಪ್ಪು ನೆಲ, ಎದ್ದು ನಿಂತ ಸಿಂಹ, ಚಿನ್ನದ್ದು. ಇಷ್ಟು ಬರೆದರೆ ಯಾವ ಊರಿನ ಚಿತ್ರಗಾರ ಬೇಕಾದರೂ ಬಿಡಿಸಬಲ್ಲ. ಒಬ್ಬನ ಸಿಂಹ ದಪ್ಪ, ಇನ್ನೊಬ್ಬನದು ಸಣಕಲು ಇರಬಹುದು, ಎರಡೂ ಸರಿಯೇ. ಕೋಡ್ ಒಂದೇ, ರೆಂಡರ್ ಬೇರೆ. 1298ರಲ್ಲಿ ಇಂಗ್ಲೆಂಡಿನ 1ನೇ ಎಡ್ವರ್ಡ್ ಸ್ಕಾಟ್ಲೆಂಡಿನ ವಿಲಿಯಂ ವಾಲೇಸ್ ವಿರುದ್ಧ ಫಾಲ್ಕರ್ಕ್‌ನಲ್ಲಿ ಹೋರಾಡಿದಾಗ ಅವನ ಕಡೆಯ ನೂರಕ್ಕೂ ಹೆಚ್ಚು ಪ್ರಮುಖರ ಲಾಂಛನಗಳನ್ನು ಹೀಗೇ ಮಾತಿನಲ್ಲಿ ಪಟ್ಟಿ ಮಾಡಿಟ್ಟರು. 'ಫಾಲ್ಕರ್ಕ್ ರೋಲ್' ಅಂತಾರೆ. ಆ ಪಟ್ಟಿ ಮುಂದಿಟ್ಟುಕೊಂಡು 700 ವರ್ಷದ ನಂತರ ಪುಣೆಯ ಫ್ಲ್ಯಾಟಿನಲ್ಲಿ ಕೂತು ನಾನು ಒಬ್ಬೊಬ್ಬರಿಗೇ ಬಣ್ಣ ಹಚ್ಚಬಹುದು.

ಬ್ರಷ್ ಹಿಡಿದಾಗ ಗೊತ್ತಾಗೋದು

ಕೆಲಸದ ಕ್ರಮ ಹೇಳ್ತೀನಿ. ಗೊಂಬೆಯನ್ನು ಬಾಟಲಿ ಮುಚ್ಚಳಕ್ಕೆ ಅಂಟಿಸಿಕೊಳ್ಳೋದು, ಬೆರಳು ತಾಗಬಾರದು ಅಂತ. ಮೊದಲು ಪ್ರೈಮರ್, ತೆಳುವಾಗಿ. ಮುಂಬೈಯವರು ಮಳೆಗಾಲದಲ್ಲಿ ಸ್ಪ್ರೇ ಪ್ರೈಮರ್ ಹೊಡೀಬೇಡಿ, ತೇವಕ್ಕೆ ಮಂಜು ಹಿಡಿದ ಹಾಗೆ ಪುಡಿಪುಡಿಯಾಗುತ್ತೆ. ಆಮೇಲೆ ಕುದುರೆ, ಆಮೇಲೆ ಕವಚ, ಆಮೇಲೆ ಬಟ್ಟೆ, ಕೊನೆಗೆ ಗುರಾಣಿ. ಬಣ್ಣಕ್ಕೆ ನೀರು ಬೆರೆಸಿ ಹಾಲಿನ ಹದಕ್ಕೆ ತರಬೇಕು. ದಪ್ಪಗೆ ಒಂದು ಸಲ ಬಳಿಯೋದಕ್ಕಿಂತ ತೆಳುವಾಗಿ ಎರಡು ಸಲ ಹಚ್ಚೋದು ಮೇಲು. ಕಪ್ಪಿನ ಮೇಲೆ ಹಳದಿ ನೇರವಾಗಿ ಕೂರಲ್ಲ. ಕೆಳಗೆ ಬಿಳಿಯನ್ನೋ ತಿಳಿ ಕಂದನ್ನೋ ಹಾಕಲೇಬೇಕು. ಬ್ರಬಾಂಟ್‌ನ ಆ ಚಿನ್ನದ ಸಿಂಹ ಒಂದಕ್ಕೇ ನನಗೆ ಇಡೀ ಸಂಜೆ ಹೋಗುತ್ತೆ.

ಕುದುರೆಗೆ ಬಣ್ಣ ಹಚ್ಚುವಾಗ ಒಂದು ವಿಷಯ ಗಮನಕ್ಕೆ ಬರುತ್ತೆ. ಗೊಂಬೆ ಕಂಪನಿಗಳ ಕುದುರೆಗಳು ಸಾಮಾನ್ಯವಾಗಿ ಭಾರೀ ಗಾತ್ರದವು, ಸಿನಿಮಾದಲ್ಲಿ ಇರೋ ಹಾಗೆ. 2021ರಲ್ಲಿ ಇಂಗ್ಲೆಂಡಿನ ಪುರಾತತ್ವ ಸಂಶೋಧಕರು 171 ಜಾಗಗಳಿಂದ ಸಿಕ್ಕ 1,964 ಕುದುರೆ ಮೂಳೆಗಳನ್ನು ಅಳೆದು ನೋಡಿದರು. ಮಧ್ಯಯುಗದ ಬಹುಪಾಲು ಕುದುರೆಗಳ ಹೆಗಲಿನ ಎತ್ತರ 1.48 ಮೀಟರಿಗಿಂತ ಕಡಿಮೆ. ಇವತ್ತಿನ ಲೆಕ್ಕದಲ್ಲಿ ಅದು ಪೋನಿ, ತಟ್ಟು ಕುದುರೆ! ಲೂಯಿಸ್ ದ್ವೀಪದ ಆ ದಂತದ ಕಾಯಿಗಳ ಗಿಡ್ಡ ಕುದುರೆ ನೋಡಿ ನಗ್ತೀವಲ್ಲ, ಕೆತ್ತಿದವನು ನಿಜಕ್ಕೆ ನಮಗಿಂತ ಹತ್ತಿರ ಇದ್ದ.

ಇನ್ನೊಂದು ಲೆಕ್ಕ ನೋಡಿ. ಈ ಗೊಂಬೆ ನಿಜವಾದ ಮನುಷ್ಯನ ಸುಮಾರು 60ನೇ ಒಂದು ಭಾಗ. ಮೇಜಿನ ಮೇಲೆ ನಾನು ಇದನ್ನು 3 ಅಡಿ ದೂರದಿಂದ ನೋಡ್ತೀನಿ. 3 ಅಡಿಯನ್ನು 60ರಿಂದ ಗುಣಿಸಿ: 180 ಅಡಿ. ಅಂದ್ರೆ ನನ್ನ ಕಣ್ಣಿಗೆ ಈ ಗೊಂಬೆ ಕಾಣೋದು, ರಣರಂಗದಲ್ಲಿ 180 ಅಡಿ ದೂರದಲ್ಲಿ ನುಗ್ಗಿ ಬರುತ್ತಿರುವ ನಿಜವಾದ ನೈಟ್ ಕಂಡಷ್ಟೇ. ಆ ದೂರದಲ್ಲಿ ಮೂಗು, ಕಣ್ಣು, ಮೀಸೆ ಯಾವುದೂ ಲೆಕ್ಕಕ್ಕಿಲ್ಲ. ಕಾಣೋದು ಎರಡು ಬಣ್ಣ, ಒಂದು ಆಕಾರ. ಹೆರಾಲ್ಡ್ರಿಯ ನಿಯಮ ಹುಟ್ಟಿದ್ದು ಯಾಕೆ ಅಂತ ಪುಸ್ತಕ ಓದಿ ತಿಳಿಯೋದಕ್ಕಿಂತ ಚೆನ್ನಾಗಿ ಮೇಜಿನ ಪಕ್ಕ ನಿಂತರೆ ತಿಳಿಯುತ್ತೆ.

ಸರಿ, ಅಷ್ಟು ದೂರದಿಂದ ಗುರುತು ಸಿಗಲೇಬೇಕು ಅನ್ನೋ ಅವಸರ ಯಾಕೆ? ಒಂದು ಕಾರಣ, ನಮ್ಮವರು ಯಾರು ಅಂತ ತಿಳಿಯಬೇಕು. ಇನ್ನೊಂದು ಕಾರಣ ದುಡ್ಡು. ನೈಟ್‌ನನ್ನು ಕೊಲ್ಲೋದಕ್ಕಿಂತ ಸೆರೆಹಿಡಿಯೋದು ಲಾಭ. ಅವನ ಮನೆಯವರು ಬಿಡುಗಡೆ ಹಣ ಕೊಡ್ತಾರೆ. ಬಣ್ಣ ದೊಡ್ಡ ಮನೆತನದ್ದಾದರೆ ಹಣವೂ ದೊಡ್ಡದು. ಹಾಗಾಗಿ ಎದೆಯ ಮೇಲಿನ ಸಿಂಹ ಶತ್ರುವಿಗೆ ಹೇಳೋದು ಇಷ್ಟೇ: ನನ್ನನ್ನು ಕೊಲ್ಲಬೇಡ, ನಾನು ಬೆಲೆಯುಳ್ಳವನು.

ಕೋರ್ಟ್ರೈ 1302: ಓದಲು ಒಪ್ಪದ ಎದುರಾಳಿ

ಈ ಒಪ್ಪಂದ ನಡೆಯೋದು ಎರಡೂ ಕಡೆಯವರು ಅದನ್ನು ಒಪ್ಪಿದಾಗ ಮಾತ್ರ.

1302ರ ಜುಲೈ 11. ಈಗಿನ ಬೆಲ್ಜಿಯಂನಲ್ಲಿರುವ ಕೋರ್ಟ್ರೈ ಊರು. ಒಂದು ಕಡೆ ಫ್ರಾನ್ಸಿನ ಅಶ್ವಸೈನ್ಯ, ನಾಯಕ ಆರ್ಟ್ವಾದ ಕೌಂಟ್ ರಾಬರ್ಟ್. ಇನ್ನೊಂದು ಕಡೆ ಫ್ಲಾಂಡರ್ಸ್‌ನ ಊರುಗಳ ಜನ. ಹೆಚ್ಚಿನವರು ಕಸುಬುದಾರರು, ನೇಕಾರರು, ಕಟುಕರು, ಬಡಗಿಗಳು. ಅವರನ್ನು ಹುರಿದುಂಬಿಸಿದವರಲ್ಲಿ ಬ್ರೂಜ್ ಊರಿನ ಪೀಟರ್ ಡಿ ಕೋನಿಂಕ್ ಕೂಡ ನೇಕಾರನೇ. ಕೈಯಲ್ಲಿ ಉದ್ದನೆಯ ಈಟಿ, ಇಲ್ಲವೇ ದಪ್ಪ ದೊಣ್ಣೆಯ ತುದಿಗೆ ಕಬ್ಬಿಣದ ಮೊಳೆ ಹೊಡೆದ ಆಯುಧ. ಅದರ ಹೆಸರು 'ಖೂಡೆನ್‌ಡಾಖ್'. ಅಂದ್ರೆ 'ಶುಭದಿನ'. ನಮ್ಮ ಲೆಕ್ಕದಲ್ಲಿ 'ನಮಸ್ಕಾರ'.

ಮುಂದೆ ಹೊಳೆ, ಜೌಗು ನೆಲ. ನೈಟ್‌ಗಳು ಆ ಹೊಳೆ ದಾಟಿ ನುಗ್ಗಿದರು. ಈಟಿಗಳ ಸಾಲು ಅಲುಗಾಡಲಿಲ್ಲ. ಕುದುರೆಗಳು ನಿಂತುಬಿಟ್ಟವು, ಸವಾರರು ಬಿದ್ದರು. ಆಮೇಲೆ ಆದದ್ದು ಯುರೋಪಿನ ದೊಡ್ಡಮನೆಗಳನ್ನು ನಡುಗಿಸಿತು. ಯುದ್ಧ ಮುಗಿಯುವವರೆಗೆ ಯಾರನ್ನೂ ಸೆರೆ ಹಿಡಿಯಬಾರದು, ಲೂಟಿಗೆ ನಿಲ್ಲಬಾರದು ಅಂತ ಫ್ಲಾಂಡರ್ಸ್‌ನವರು ಮೊದಲೇ ಕಟ್ಟುಮಾಡಿಕೊಂಡಿದ್ದರು. ಲಿಲಿ ಹೂಗಳ ನೀಲಿ ಲಾಂಛನ ತೊಟ್ಟ ರಾಬರ್ಟ್ ಶರಣಾಗ್ತೀನಿ ಅಂದಾಗ, ನಮಗೆ ಫ್ರೆಂಚ್ ಬರಲ್ಲ ಅಂತ ಹೇಳಿ ಹೊಡೆದು ಹಾಕಿದರು ಅಂತ ಒಂದು ಕಥೆ ಇದೆ. ಕಥೆ ನಿಜವೋ ಅಲ್ಲವೋ, ಅವನು ಅಲ್ಲೇ ಸತ್ತದ್ದು ನಿಜ. ಸತ್ತ ನೈಟ್‌ಗಳ ಹಿಮ್ಮಡಿಯಿಂದ ಬಿಚ್ಚಿದ ಚಿನ್ನದ ಸ್ಪರ್‌ಗಳನ್ನು ಊರಿನ ಚರ್ಚಿನಲ್ಲಿ ತೂಗುಹಾಕಿದರು, ಸುಮಾರು 500 ಜೋಡಿ ಅನ್ನುತ್ತಾರೆ. ಅದಕ್ಕೇ ಇದು 'ಚಿನ್ನದ ಸ್ಪರ್‌ಗಳ ಕಾಳಗ'. 80 ವರ್ಷ ಬಿಟ್ಟು, 1382ರಲ್ಲಿ ಫ್ರೆಂಚರು ಮತ್ತೆ ಬಂದು ಗೆದ್ದು ಅವನ್ನು ಕಿತ್ತುಕೊಂಡು ಹೋದರು. ಜುಲೈ 11 ಇವತ್ತಿಗೂ ಬೆಲ್ಜಿಯಂನ ಡಚ್ ಮಾತಾಡುವ ಫ್ಲೆಮಿಷ್ ಜನರ ಅಧಿಕೃತ ಹಬ್ಬ. ಹೊರನಾಡಲ್ಲಿ ಕೂತು ನವೆಂಬರ್ 1 ಮಾಡುವ ನಮಗೆ ಅದರ ಭಾವ ಬಿಡಿಸಿ ಹೇಳಬೇಕಿಲ್ಲ.

ನನ್ನನ್ನು ಕಾಡುವ ವಿಷಯ ಬೇರೆ. ಆಗ ಯುರೋಪಿನ ಶ್ರೀಮಂತರು ಹುಡುಕಿ ಕೊಳ್ಳುತ್ತಿದ್ದ ಬಣ್ಣದ ಉಣ್ಣೆಬಟ್ಟೆಗೆ ಹೆಸರಾಗಿದ್ದು ಇದೇ ಫ್ಲಾಂಡರ್ಸ್. ಇಂಗ್ಲೆಂಡಿನ ಉಣ್ಣೆ ತಂದು ಬ್ರೂಜ್, ಗೆಂಟ್, ಈಪರ್ ಊರುಗಳಲ್ಲಿ ನೇಯ್ದು ಬಣ್ಣ ಹಾಕ್ತಿದ್ದರು. ಕೆಂಪಿಗೆ ನಮ್ಮ ಮಂಜಿಷ್ಠದ ಜಾತಿಯದೇ ಬೇರು. ನೀಲಿಗೆ ವೋಡ್ ಅನ್ನುವ ಸೊಪ್ಪು, ನಮ್ಮ ನೀಲಿ ಗಿಡದಲ್ಲಿರುವ ಬಣ್ಣದ ಅಂಶವೇ ಅದರಲ್ಲೂ ಇದೆ. ದೊಡ್ಡವರ ಮೈಮೇಲಿನ ಬಣ್ಣ ಯಾರ ಕೈಯಿಂದ ಬರ್ತಿತ್ತೋ, ಆ ಕೈಗಳೇ ಅವತ್ತು ಈಟಿ ಹಿಡಿದಿದ್ದವು. ಬಟ್ಟೆ ನೇಯ್ದವರಿಗೆ ಬಟ್ಟೆಯ ದರ್ಪ ನಾಟಲಿಲ್ಲ.

ಆ ಕಸುಬುದಾರರ ಗೊಂಬೆಗಳಿಗೆ ಬಣ್ಣ ಹಚ್ಚಲು ಕೂತರೆ ಆಧಾರ ಬಹಳ ಕಡಿಮೆ. ಆಕ್ಸ್‌ಫರ್ಡ್‌ನ ನ್ಯೂ ಕಾಲೇಜಿನಲ್ಲಿ ಒಂದು ಹಳೆಯ ಮರದ ಪೆಟ್ಟಿಗೆ ಇದೆ. ಅದರ ಮುಂಭಾಗದಲ್ಲಿ ಈ ಯುದ್ಧದ ಕೆತ್ತನೆ ಇದೆ, ಕಸುಬಿನ ಸಂಘಗಳ ಧ್ವಜಗಳಿವೆ, ಈಟಿ ಹಿಡಿದ ಸಾಲು ಇದೆ. ಆದ್ರೆ ಮರದ ಕೆತ್ತನೆ ಅಂಗಿಯ ಬಣ್ಣ ಹೇಳಲ್ಲ. ರಾಬರ್ಟ್‌ನ ಗುರಾಣಿ ಹೇಗಿತ್ತು ಅಂತ ಎಳೆ ಎಳೆಯಾಗಿ ಗೊತ್ತು. ಅವನನ್ನು ಕೆಡವಿದವನ ಅಂಗಿ ಹೇಗಿತ್ತು ಅಂತ ಊಹಿಸಬೇಕು.

ಅಜಿಂಕೂರ್ 1415: ಬಣ್ಣ ಕಳೆದುಕೊಂಡ ಡ್ಯೂಕ್

ಈಗ ಇದರ ತಿರುಗಾಮುರುಗಾ ಕಥೆ. 1415ರ ಅಕ್ಟೋಬರ್ 25, ಉತ್ತರ ಫ್ರಾನ್ಸಿನ ಅಜಿಂಕೂರ್. ಹೊಸದಾಗಿ ಉತ್ತ ಹೊಲ, ಹಿಂದಿನ ರಾತ್ರಿ ಮಳೆ. ಇಂಗ್ಲೆಂಡಿನ 5ನೇ ಹೆನ್ರಿಯ ಹತ್ರ ಇದ್ದವರಲ್ಲಿ ಹೆಚ್ಚಿನವರು ಬಿಲ್ಲುಗಾರರು. ಫ್ರೆಂಚರ ಕಡೆ ಬಹಳಷ್ಟು ನೈಟ್‌ಗಳು ಅವತ್ತು ಕಾಲ್ನಡಿಗೆಯಲ್ಲೇ ಹೋರಾಡಿದರು. ಎರಡು ಬದಿಯಲ್ಲಿದ್ದ ಅಶ್ವದಳ ಬಿಲ್ಲುಗಾರರ ಮೇಲೆ ನುಗ್ಗಿ, ಬಾಣ ತಿಂದು, ಬೆದರಿದ ಕುದುರೆಗಳು ಹಿಂದಿರುಗಿ ತಮ್ಮವರನ್ನೇ ತುಳಿದವು. ಕವಚ ತೊಟ್ಟವರು ಕೆಸರಲ್ಲಿ ಸಿಕ್ಕಿಬಿದ್ದರು. ಸೆರೆ ಸಿಕ್ಕವರು ಲೆಕ್ಕವಿಲ್ಲದಷ್ಟು.

ಬ್ರಬಾಂಟ್‌ನ ಡ್ಯೂಕ್ ಆಂಟನಿ, ವಯಸ್ಸು 31, ಬರ್ಗಂಡಿಯ ಡ್ಯೂಕ್‌ನ ತಮ್ಮ, ಯುದ್ಧಕ್ಕೆ ತಡವಾಗಿ ಬಂದ. ಸುದ್ದಿ ತಲುಪಿದ ಕೂಡಲೇ ಕುದುರೆ ಹತ್ತಿ ಧಾವಿಸಿದ್ದ. ಕವಚ, ಲಾಂಛನದ ಅಂಗಿ ಎಲ್ಲಾ ಹಿಂದೆ ಬರುತ್ತಿದ್ದ ಸಾಮಾನಿನಲ್ಲಿ ಉಳಿದಿತ್ತು. ಕಾಯಲು ತಾಳ್ಮೆ ಇಲ್ಲ. ಜೊತೆಯಲ್ಲಿದ್ದ ತನ್ನ ಅಧಿಕಾರಿಯೊಬ್ಬನ ಕವಚ ತೊಟ್ಟ. ತುತ್ತೂರಿಗೆ ಕಟ್ಟಿದ್ದ ಧ್ವಜ ಬಿಚ್ಚಿ, ನಡುವೆ ತೂತು ಮಾಡಿ, ತಲೆ ತೂರಿಸಿಕೊಂಡ. ಅದೇ ಅವನ ಲಾಂಛನದ ಅಂಗಿ. ಹಾಗೇ ನುಗ್ಗಿದ, ಸೆರೆ ಸಿಕ್ಕ.

ಅಷ್ಟರಲ್ಲಿ ಫ್ರೆಂಚರು ಮತ್ತೆ ಸೇರಿ ಮೇಲೆ ಬೀಳ್ತಾರೆ ಅನ್ನೋ ಭಯ ಹುಟ್ಟಿತು. ಸೆರೆಯಾಳುಗಳನ್ನು ಕೊಲ್ಲಿ ಅಂತ ಹೆನ್ರಿ ಆಜ್ಞೆ ಮಾಡಿದ. ಅವನ ಕಡೆಯ ದೊಡ್ಡವರು ಹಿಂಜರಿದರು. ಕರುಣೆ ಇತ್ತೋ ಏನೋ, ಬಿಡುಗಡೆ ಹಣ ಕೈತಪ್ಪುವ ಸಂಕಟವಂತೂ ಇತ್ತು. ಆ ಕೆಲಸ ಬಿಲ್ಲುಗಾರರ ಪಾಲಿಗೆ ಬಂತು ಅಂತ ಆ ಕಾಲದ ಬರಹಗಾರರು ಹೇಳ್ತಾರೆ. ತೀರಾ ದೊಡ್ಡ ಕುಳಗಳನ್ನು ಮಾತ್ರ ಬದಿಗಿಟ್ಟರು. ತೂತು ಮಾಡಿದ ಧ್ವಜ ತೊಟ್ಟವನು ಡ್ಯೂಕ್ ಅಂತ ಯಾರಿಗೂ ಹೊಳೆಯಲಿಲ್ಲ. ಬೇರೆಯವರ ಜೊತೆ ಅವನನ್ನೂ ಕೊಂದರು. ಇದನ್ನು ಬರೆದಿಟ್ಟವನು ಬ್ರಬಾಂಟ್ ಡ್ಯೂಕ್‌ಗಳ ಕಾರ್ಯದರ್ಶಿಯಾಗಿದ್ದ ಎಡ್ಮಂಡ್ ಡಿ ಡಿಂಟರ್.

ಅದೇ ದಿನ ಸೆರೆ ಸಿಕ್ಕ ಇನ್ನೊಬ್ಬ ಡ್ಯೂಕ್, ಆರ್ಲಿಯನ್ಸ್‌ನ ಚಾರ್ಲ್ಸ್, 20 ವರ್ಷದ ಹುಡುಗ. ಹೆಣಗಳ ರಾಶಿಯ ಅಡಿಯಿಂದ ಎಳೆದು ತೆಗೆದರು. ಅವನು ಯಾರು ಅಂತ ಗೊತ್ತಿತ್ತು. ಇಂಗ್ಲೆಂಡಿಗೆ ಕರೆದೊಯ್ದು ಸೆರೆಯಲ್ಲಿಟ್ಟರು. ಅಲ್ಲೇ ಕವಿತೆ ಬರೆಯುತ್ತಾ 25 ವರ್ಷ ಕಳೆದ, 1440ರಲ್ಲಿ ಮನೆಗೆ ಮರಳಿದ, ಫ್ರೆಂಚ್ ಸಾಹಿತ್ಯದ ದೊಡ್ಡ ಹೆಸರಾದ.

ಒಂದೇ ಹೊಲ, ಒಂದೇ ಮಧ್ಯಾಹ್ನ, ಇಬ್ಬರು ಡ್ಯೂಕ್‌ಗಳು. ಕಪ್ಪು ನೆಲದ ಮೇಲೆ ಚಿನ್ನದ ಸಿಂಹ ಬಿಡಿಸುವಾಗಲೆಲ್ಲಾ ನನಗೆ ಆಂಟನಿ ನೆನಪಾಗ್ತಾನೆ. ನಾನು ಒಂದು ಸಂಜೆ ಕೂತು ಬಿಡಿಸುವ ಈ ಅಂಗಿ ಅವತ್ತು ಅವನ ಮೈಮೇಲೆ ಇದ್ದಿದ್ದರೆ ಬಹುಶಃ ಬದುಕುತ್ತಿದ್ದ.

ಬಣ್ಣವೇ ಇಲ್ಲದವರು

ಡ್ಯೂಕ್‌ಗೆ ಒಂದು ದಿನ ತಪ್ಪಿದ ಬಣ್ಣ, ಬಿಲ್ಲುಗಾರನಿಗೆ ಜೀವನದಲ್ಲಿ ಒಂದು ದಿನವೂ ಇರಲಿಲ್ಲ. ಅವನಿಗೆ ಲಾಂಛನ ಇಲ್ಲ, ಬಿಡುಗಡೆ ಹಣ ಕೊಡುವ ಮನೆ ಇಲ್ಲ. ಸಿಕ್ಕಿಬಿದ್ದರೆ ಅವನನ್ನು ಬದುಕಿಸಿಟ್ಟು ಯಾರಿಗೂ ಲಾಭ ಇಲ್ಲ. ನಮ್ಮ ಆಫೀಸುಗಳಲ್ಲಿ ಪರ್ಮನೆಂಟ್‌ನವರ ಕೊರಳಿಗೆ ಒಂದು ಬಣ್ಣದ ಟ್ಯಾಗ್, ಕಾಂಟ್ರಾಕ್ಟ್‌ನವರಿಗೆ ಇನ್ನೊಂದು ಬಣ್ಣದ್ದು. ಯಾರಿಗೆ ಯಾವ ಬಾಗಿಲು ತೆರೆಯುತ್ತೆ ಅಂತ ದೂರದಿಂದಲೇ ಹೇಳಬಹುದು. ಅಲ್ಲಿ ಜೀವದ ಪ್ರಶ್ನೆ ಇಲ್ಲ ಅನ್ನೋದು ಸಮಾಧಾನ. ಆದ್ರೆ ಆ ಟ್ಯಾಗ್ ಹಾಕಿಕೊಂಡು ಹತ್ತು ವರ್ಷ ಓಡಾಡಿದವನಿಗೆ ಈ ಹಳೇ ಪದ್ಧತಿ ಅಷ್ಟೇನೂ ವಿಚಿತ್ರ ಅನ್ನಿಸಲ್ಲ.

ಆದ್ರೂ ಬಿಲ್ಲುಗಾರರು ಪೂರ್ತಿ ಅಳಿಸಿಹೋಗಿಲ್ಲ. ಅವರನ್ನು ಉಳಿಸಿದ್ದು ಕಾವ್ಯವೂ ಅಲ್ಲ, ಸಮಾಧಿಯ ಫಲಕವೂ ಅಲ್ಲ. ಸಂಬಳದ ಪಟ್ಟಿ! ಇಂಗ್ಲೆಂಡಿನ ರಾಜರು ಸೈನಿಕರಿಗೆ ದಿನಗೂಲಿ ಕೊಡ್ತಿದ್ದರು. ಬಿಲ್ಲುಗಾರನಿಗೆ ದಿನಕ್ಕೆ 6 ಪೆನ್ಸ್, ಪೂರ್ತಿ ಕವಚದವನಿಗೆ 12. ದುಡ್ಡು ಕೊಡೋಕೆ ಹಾಜರಿ ಬೇಕು, ಹಾಜರಿಗೆ ಹೆಸರು ಬೇಕು. ಹೀಗೆ ಗುಮಾಸ್ತರು ಚರ್ಮದ ಹಾಳೆಗಳ ಮೇಲೆ ಹೆಸರುಗಳನ್ನು ಸಾಲಾಗಿ ಬರೆದು, ಹಾಜರಾದವನ ಮುಂದೆ ಚುಕ್ಕೆ ಇಟ್ಟರು. ರೆಡಿಂಗ್ ಮತ್ತು ಸೌತಾಂಪ್ಟನ್ ವಿಶ್ವವಿದ್ಯಾಲಯಗಳ ಇತಿಹಾಸಕಾರರಾದ ಆನ್ ಕರಿ, ಏಡ್ರಿಯನ್ ಬೆಲ್ ಮತ್ತು ಸಂಗಡಿಗರು 1369ರಿಂದ 1453ರವರೆಗಿನ ಇಂಥ ಪಟ್ಟಿಗಳನ್ನು ಓದಿ ಒಂದು ಡೇಟಾಬೇಸ್ ಮಾಡಿದ್ದಾರೆ. ಯಾರು ಬೇಕಾದರೂ ಹುಡುಕಬಹುದು. ಜಾನ್, ವಿಲಿಯಂ, ಥಾಮಸ್, ಪುಟಗಟ್ಟಲೆ. ನಮ್ಮ ಪೇರೋಲ್ ಎಕ್ಸೆಲ್ ಶೀಟುಗಳಿಂದಲೇ ಮುಂದೊಂದು ದಿನ ನಮ್ಮ ಕಥೆ ಬರೀತಾರೇನೋ, ಯಾರಿಗ್ಗೊತ್ತು.

ಈಗ ನಾನು ಬಿಲ್ಲುಗಾರರ ಗೊಂಬೆಗಳಿಗೂ ನೈಟ್‌ಗಳಷ್ಟೇ ಹೊತ್ತು ಕೊಡ್ತೀನಿ. ಬಣ್ಣಗಳು ಮಾತ್ರ ಬಿಸಿಲಿಗೆ ಮಾಸಿದವು: ಕಂದು, ಬೂದಿ, ತೊಳೆದು ತೊಳೆದು ತೆಳ್ಳಗಾದ ನೀಲಿ. ಒಬ್ಬನ ಮೊಣಕಾಲಿಗೆ ತೇಪೆ, ಒಬ್ಬನ ಟೋಪಿ ಓರೆ. ಎಲ್ಲರನ್ನೂ ಒಂದೇ ಥರ ಬಳಿದುಬಿಟ್ಟರೆ ಕೆಲಸ ಬೇಗ ಮುಗಿಯುತ್ತೆ, ಮೂರಡಿ ದೂರದಿಂದ ಯಾರಿಗೂ ಗೊತ್ತಾಗಲ್ಲ. ಆದ್ರೂ ಮಾಡಲ್ಲ. ಬಣ್ಣ ಒಣಗಿದ ಮೇಲೆ ಗೊಂಬೆ ತಿರುಗಿಸಿ, ಅಡಿಯಲ್ಲಿ ಪೆನ್ಸಿಲ್‌ನಿಂದ ಒಂದೊಂದು ಹೆಸರು ಬರೀತೀನಿ. ಆ ಪಟ್ಟಿಯಿಂದ ತೆಗೆದ ಹೆಸರುಗಳು, ಕನ್ನಡ ಅಕ್ಷರದಲ್ಲಿ. ಆಟದಲ್ಲಿ ದಾಳ ಕೈಕೊಟ್ಟು ಯಾರಾದ್ರೂ ಬಿದ್ದಾಗ, ಗೆಳೆಯರು ಗೊಂಬೆ ಎತ್ತಿ ಅಡಿ ನೋಡಿ "ಥಾಮಸ್ ಹೋದ ಕಣಪ್ಪಾ" ಅಂತಾರೆ. ಶುರುವಲ್ಲಿ ತಮಾಷೆಗೆ ಅಂತಿದ್ದರು. ಈಗ ಎಲ್ಲರೂ ಒಂದ್ಸಲ ಓದಿಯೇ ಗೊಂಬೆಯನ್ನು ಪೆಟ್ಟಿಗೆಗೆ ಇಡ್ತಾರೆ.

ಮುಂದಿನ ಮಾತಿನಲ್ಲಿ 1214ರ ಬುವೀನ್ ಯುದ್ಧಕ್ಕೆ ಹೋಗೋಣ. ಬಣ್ಣ ಹಚ್ಚೋಕೆ ಶುರು ಮಾಡ್ಬೇಕು ಅಂದ್ಕೊಂಡೋರಿಗೆ ಒಂದೇ ಸಲಹೆ: ಒಳ್ಳೆ ಮೊನೆಯ 1ನೇ ನಂಬರ್ ಬ್ರಷ್ ಒಂದು, ಆರು ಬಣ್ಣ, ಒಂದು ನೀರಿನ ಲೋಟ. ಅದನ್ನು ಚಹಾ ಲೋಟದ ಪಕ್ಕ ಇಡಬೇಡಿ.